ಅತ್ತೆಯ ದ್ವೀಪ ವಿಮೋಚನೆ

ನಮ್ಮ ಅತ್ತೆಗೂ ಒಂದು ದೊಡ್ಡ ದೇಶಕ್ಕೂ ಹನ್ನೊಂದು ವರ್ಷದಿಂದ ಜಗಳ ನಡೆಯುತ್ತಿದೆ. ವಿಷಯ ಆ ದೇಶಕ್ಕೆ ಮಾತ್ರ ಇನ್ನೂ ಗೊತ್ತಾಗಿಲ್ಲ!

ಅತ್ತೆ ಅಂದರೆ ಹೆಂಡತಿಯ ತಾಯಿ ಅಂದುಕೊಳ್ಳಬೇಡಿ. ಆ ವಿಷಯದ ಮೇಲೆ ಬರೆಯುವಷ್ಟು ಧೈರ್ಯ ನನಗಿಲ್ಲ. ಇವರು ನನ್ನ ಅಪ್ಪನ ತಂಗಿ. ವಯಸ್ಸು ಎಪ್ಪತ್ತರ ಹತ್ತಿರ. ಎತ್ತರ ಐದಡಿಗೆ ಎರಡಂಗುಲ ಕಡಿಮೆ. ದನಿ ಮಾತ್ರ ಸಿಂಗಪುರದ ಟ್ಯಾಂಪಿನೀಸಿನಲ್ಲಿ ಅವರಿರುವ ಹನ್ನೆರಡನೇ ಮಹಡಿಯಿಂದ ಕಟ್ಟಡದ ಬುಡದ ತೆರೆದ ಜಾಗ ವಾಯ್ಡ್ ಡೆಕ್ಕಿಗೆ ಲಿಫ್ಟ್ ಇಲ್ಲದೇ ಇಳಿಯುವಂಥದ್ದು! ಮೈಸೂರಿನಲ್ಲಿ ಬಂದ ಮೂರು ವರಗಳನ್ನೂ ಬೇಡ ಅಂದು, ಸಿಂಗಪುರಕ್ಕೆ ಬಂದು, ಉಬಿ ಅನ್ನುವ ಬಡಾವಣೆಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಪ್ರೂಫ್ ರೀಡರ್ ಆಗಿ ಸೇರಿ, ಅಲ್ಲೇ ರಿಟೈರ್ ಆದವರು. ಆ ಪ್ರೆಸ್ಸಿನಲ್ಲಿ ಮುಖ್ಯವಾಗಿ ಅಚ್ಚಾಗುತ್ತಿದ್ದದ್ದು ಶಾಲಾ ಮಕ್ಕಳ ಅಟ್ಲಾಸು. ಈ ಹುಚ್ಚು ಹತ್ತಿದ್ದು ಅಲ್ಲೇ.

ಅಟ್ಲಾಸಿನಲ್ಲಿ ಪೆಸಿಫಿಕ್ ಸಾಗರದ ಪುಟ ನೋಡಿದ್ದೀರಾ? ನೀಲಿ, ನೀಲಿ, ಬರೀ ನೀಲಿ. ನಡುವೆ ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ದ್ವೀಪಗಳು. ಕೆಲವು ದ್ವೀಪಗಳ ಹೆಸರಿನ ಕೆಳಗೆ ಬ್ರ್ಯಾಕೆಟ್ಟಿನಲ್ಲಿ ಇನ್ನೊಂದು ದೇಶದ ಹೆಸರು ಇರುತ್ತದೆ. ಅಂದರೆ ದ್ವೀಪ ಇಲ್ಲಿ, ಯಜಮಾನರು ಸಾವಿರಾರು ಮೈಲಿ ಆಚೆ! ನಾನು ನೀವಾದರೆ ಪುಟ ತಿರುಗಿಸುತ್ತೇವೆ. ಅತ್ತೆ ತಿರುಗಿಸಲಿಲ್ಲ. 

“ಬ್ರ್ಯಾಕೆಟ್ಟಿಗೆ ಕನ್ನಡದಲ್ಲಿ ಏನಂತಾರೋ?” ಅಂತ ಒಂದು ದಿನ ನನ್ನನ್ನು ಕೇಳಿದರು.

“ಕಂಸ, ಅತ್ತೆ.”

“ಮತ್ತೆ? ಸುಮ್ಮನೆ ಇಟ್ಟಿದಾರಾ ಆ ಹೆಸರು? ದೇವಕಿನ ಕೂಡಿಹಾಕಿದ ಹಾಗೆ ಕೂಡಿಹಾಕಿದಾನೆ ನೋಡು! ನೌಕರಿ ಮಾಡಿದಷ್ಟು ಕಾಲವೂ ಆ ಕಂಸಗಳನ್ನ ನಾನೇ ಕೈಯಾರೆ ಸರಿಯಾದ ಜಾಗದಲ್ಲಿ ಕೂರಿಸಿದೀನಿ ಕಣೋ. ಆ ಪಾಪ ಈಗ ತೊಳ್ಕೋಬೇಕು.”

ತೊಳೆಯುವ ಕೆಲಸ ನನ್ನ ಮಗಳ ಶಾಲೆಯ ಅಟ್ಲಾಸಿನಿಂದ ಶುರುವಾಯಿತು. ಒಂದು ಭಾನುವಾರ ಮಧ್ಯಾಹ್ನ ವೈಟ್ನರ್ ಬಾಟಲಿ ಹಿಡಿದು ಕೂತ ಅತ್ತೆ, ನಾವು ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಪೆಸಿಫಿಕ್ಕು, ಅಟ್ಲಾಂಟಿಕ್ಕು, ಕೆರಿಬಿಯನ್ನು ಎಲ್ಲವನ್ನೂ ಬಂಧಮುಕ್ತ ಮಾಡಿದ್ದರು! ವಿಶ್ವಸಂಸ್ಥೆಯ ಯಾವ ಮಹಾಸಭೆಯಲ್ಲೂ ಇಷ್ಟು ಬೇಗ ಕೆಲಸ ಆದದ್ದಿಲ್ಲ. ವಾರ ಕಳೆಯುವುದರೊಳಗೆ ಟೀಚರ್ ಚೀಟಿ ಕಳಿಸಿದರು: “ದಯವಿಟ್ಟು ಅಜ್ಜಿಯವರಿಗೆ ಅಟ್ಲಾಸ್ ಕೊಡಬೇಡಿ.”

“ಅಜ್ಜಿ, ಟೀಚರ್ ಫುಲ್ ಆ್ಯಂಗ್ರಿ ಲಾಹ್,” ಅಂದಳು ಮಗಳು, ಮಾತಿನ ಕೊನೆಗೆ ಲಾಹ್ ಸೇರಿಸುವ ಇಲ್ಲಿಯವರ ಧಾಟಿಯಲ್ಲಿ.

“ಆಗಲಿ. ಸ್ವಾತಂತ್ರ್ಯ ಪುಕ್ಕಟೆ ಬರಲ್ಲ,” ಅಂದರು ಅತ್ತೆ. ಹೊಸ ಅಟ್ಲಾಸ್ ಕೊಂಡವನು ನಾನು!

ಅವರಿಗೆ ಸಿಂಗಪುರ ಅಂದರೆ ಪ್ರಾಣ. “ಇಷ್ಟೇ ಇಷ್ಟು ನೆಲ, ಆದರೂ ತನ್ನದೇ ಬಾವುಟ ನೋಡು!” ಅಂತ ಇಲ್ಲಿಯ ರಾಷ್ಟ್ರೀಯ ದಿನದ ಆಗಸ್ಟ್ ತಿಂಗಳು ಬಂದರೆ ಕಾರಿಡಾರಿನಲ್ಲಿ ಎಲ್ಲರಿಗಿಂತ ಮೊದಲು ಬಾವುಟ ಕಟ್ಟುತ್ತಾರೆ. ಟ್ಯಾಕ್ಸಿ ಹತ್ತಿದರೆ ಡ್ರೈವರಿಗೆ ಈ ದೇಶ ಸ್ವತಂತ್ರವಾದ ಕಥೆ ಹೇಳುತ್ತಾರೆ. ಒಮ್ಮೆ ಹಾಗೇ ಚಾಂಗಿ ಏರ್‌ಪೋರ್ಟಿನಿಂದ ಟ್ಯಾಂಪಿನೀಸಿನವರೆಗೂ ಹೇಳಿದರು. ಬಿಳಿ ಕೂದಲಿನ ಆ ಅಂಕಲ್ ತಲೆ ಆಡಿಸುತ್ತಾ ಪೂರ್ತಿ ಕೇಳಿ, ಕಾರು ನಿಲ್ಲಿಸಿ ಹೇಳಿದರು: “ಆಂಟಿ, ಐ ವಾಸ್ ದೇರ್ ಲಾಹ್.”

ಹಾಗಾದರೆ ಆ ದೊಡ್ಡ ದೇಶದ ಜೊತೆ ಜಗಳ ಯಾವುದು ಅಂದಿರಾ? ಹೆಸರು ಬೇಡ ಬಿಡಿ. ಅವರ ಕೈಕೆಳಗೆ ಪೆಸಿಫಿಕ್ಕಿನಲ್ಲಿ ಮೂರು ಹವಳದ ದಿಬ್ಬಗಳಿರುವ ಒಂದು ಪುಟ್ಟ ನಾಡಿದೆ. ಎಲ್ಲ ದ್ವೀಪಗಳಲ್ಲೂ ಅತ್ತೆಗೆ ಅದರ ಮೇಲೇ ವಿಶೇಷ ಮಮತೆ, ಯಾಕಂದರೆ ಎಲ್ಲಕ್ಕಿಂತ ಚಿಕ್ಕದು. ಆ ದೇಶದ ಸರ್ಕಾರಕ್ಕೆ ಅವರು ಸ್ವಂತ ಕೈಬರಹದಲ್ಲಿ ನಾಲ್ಕು ಪುಟದ ಕಾಗದ ಬರೆದರು: “ನೀವು ಅಲ್ಲಿಂದ ಯಾವಾಗ ಹೊರಡುತ್ತೀರಿ, ತಿಳಿಸಿ.” ಎರಡು ತಿಂಗಳಿಗೆ ಉತ್ತರವೂ ಬಂತು! ಅತ್ತೆ ಫೋನ್ ಮಾಡಿದ ರಭಸಕ್ಕೆ ನಾನು ಆಫೀಸಿನಿಂದ ಅರ್ಧ ದಿನ ರಜೆ ಹಾಕಿ ಓಡಿಹೋದೆ. ದಪ್ಪ ಲಕೋಟೆ. ಒಡೆದರೆ, “ನಮ್ಮ ಭಾಗದ ಬಗ್ಗೆ ನಿಮಗಿರುವ ಆಸಕ್ತಿಗೆ ಧನ್ಯವಾದಗಳು” ಅಂತ ಒಂದು ಸಾಲು, ಜೊತೆಗೆ ಪ್ರವಾಸಿಗರಿಗೆ ಕೊಡುವ ಬಣ್ಣದ ಪುಸ್ತಿಕೆ!

ಅವತ್ತಿನಿಂದ ಆ ದೇಶದ ಬೆಣ್ಣೆಗೆ ಅತ್ತೆಯ ಮನೆಯಲ್ಲಿ ಪ್ರವೇಶ ನಿಷಿದ್ಧ. ಸೂಪರ್‌ಮಾರ್ಕೆಟ್ಟಿನಲ್ಲಿ ಕನ್ನಡಕ ಏರಿಸಿಕೊಂಡು ಒಂದೊಂದೇ ಪೊಟ್ಟಣದ ಹಿಂಭಾಗ ಓದುತ್ತಾ ನಿಂತರೆ ಹಿಂದೆ ಕ್ಯೂ ಬೆಳೆಯುತ್ತದೆ. ತುಪ್ಪಕ್ಕೆ ಬೆಣ್ಣೆ ಎಲ್ಲಿಯದು ಅಂತ ಗೊತ್ತಾಗದೆ ಆ ಯುಗಾದಿಗೆ ಒಬ್ಬಟ್ಟಿನ ಮೇಲೆ ಎಳ್ಳೆಣ್ಣೆ ಹಾಕಿ ಬಡಿಸಿದರು. ತಿಂದೆವು. ಪರಾಧೀನತೆ ಅಂದರೆ ಎಷ್ಟು ಕಷ್ಟ ಅಂತ ನನಗೆ ಅರ್ಥವಾದದ್ದು ಆಗಲೇ!

ಇಷ್ಟರಲ್ಲಿ ಒಂದು ಅದ್ಭುತ ನಡೆಯಿತು.

ಒಂದು ಸಂಜೆ ಎಂ.ಆರ್.ಟಿ. ರೈಲಿನಲ್ಲಿ ಅತ್ತೆಯ ಪಕ್ಕ ಇಪ್ಪತ್ತೈದು ದಾಟಿರಬಹುದಾದ ಒಬ್ಬ ಹುಡುಗಿ ಕೂತಿದ್ದಳು. ಗುಂಗುರು ಕೂದಲು, ಕಿವಿಯಲ್ಲಿ ಚಿಪ್ಪಿನ ಓಲೆ. ಅತ್ತೆ ಎಂದಿನಂತೆ ಯಾವೂರು ಅಂತ ಕೇಳಿದರು. ಹುಡುಗಿ ಎಲ್ಲರಿಗೂ ಹೇಳಿ ಹೇಳಿ ಬೇಸತ್ತ ದನಿಯಲ್ಲಿ, “ನಿಮಗೆ ಗೊತ್ತಿರಲ್ಲ ಬಿಡಿ,” ಅಂತ ಊರಿನ ಹೆಸರು ಹೇಳಿದಳಂತೆ. ಅತ್ತೆ ಸೀಟಿನಿಂದ ಎದ್ದು ನಿಂತುಬಿಟ್ಟರಂತೆ! ಮೂರು ದಿಬ್ಬಗಳಲ್ಲಿ ನಿನ್ನದು ಯಾವುದು, ನಡುವಿನದೋ, ಪಡುವಣದ್ದೋ? ಸಮುದ್ರ ಎಷ್ಟು ಏರಿದೆ? ನಿಮ್ಮ ಬಿಡುಗಡೆ ಯಾವಾಗ? ಇಡೀ ಬೋಗಿ ಮೊಬೈಲಿನಿಂದ ತಲೆ ಎತ್ತಿ ನೋಡಿತಂತೆ. ಸಿಂಗಪುರದಲ್ಲಿ ಇದು ಸಣ್ಣ ಸಾಧನೆಯಲ್ಲ.

ಹುಡುಗಿ ಉಬಿಯಲ್ಲಿ ಹಡಗಿನ ಬಿಡಿಭಾಗಗಳ ಒಂದು ವರ್ಕ್‌ಶಾಪಿನಲ್ಲಿ ಆಫೀಸ್ ಕೆಲಸ ಮಾಡುತ್ತಿದ್ದಳು. ಜುರಾಂಗ್ ಈಸ್ಟಿನಲ್ಲಿ ಒಂದು ಬಾಡಿಗೆ ರೂಮು. ಮುಂದಿನ ಭಾನುವಾರವೇ ಅತ್ತೆಯ ಮನೆಗೆ ಬಂದಳು, ಬಿಸಿಬೇಳೆಬಾತ್ ತಿಂದು ಕಣ್ಣಲ್ಲಿ ನೀರು ಹಾಕಿದಳು, ಅದರ ಮುಂದಿನ ಭಾನುವಾರವೂ ಬಂದಳು. ನಾವೆಲ್ಲ ಅತ್ತೆ ಅತ್ತೆ ಅನ್ನುವುದು ಕೇಳಿ ಅದೇ ಅವರ ಹೆಸರು ಅಂದುಕೊಂಡು “ಮಿಸ್ ಅತ್ತೆ” ಅಂತ ಕರೆಯತೊಡಗಿದಳು. ನಾನು ತಿದ್ದಹೋದೆ. “ಸುಮ್ನಿರು, ಚೆನ್ನಾಗಿದೆ,” ಅಂದರು ಅತ್ತೆ.

ಅವಳೇ ಒಂದು ದಿನ ಸುದ್ದಿ ತಂದಳು: ಅವಳ ನಾಡಿನಲ್ಲಿ ಜನಮತ ತೆಗೆದುಕೊಳ್ಳುತ್ತಾರಂತೆ. ಸ್ವತಂತ್ರವಾಗೋದಾ, ಈಗಿರುವ ಹಾಗೇ ಇರೋದಾ? ವೋಟ್ ಹಾಕಲು ಅವಳೂ ಊರಿಗೆ ಹೋಗುತ್ತಾಳಂತೆ. ಅತ್ತೆಗೆ ಆದ ಸಂಭ್ರಮ ಏನು ಹೇಳಲಿ! ವಾಯ್ಡ್ ಡೆಕ್ಕಿನಲ್ಲಿ ದೊಡ್ಡ ಸಭೆ ಮಾಡಿ ಘೋಷಣೆ ಕೂಗೋಣ ಅಂದರು. ನಾನು ಎದ್ದು ಕಿಟಕಿ ಮುಚ್ಚಿ ಬಂದೆ.

“ಅತ್ತೆ, ಇಲ್ಲಿ ಪರ್ಮಿಟ್ ಇಲ್ಲದೆ ಸಭೆ ಗಿಭೆ ಮಾಡೋ ಹಾಗಿಲ್ಲ. ಇಲ್ಲಿ ಖಾಯಂ ಇರೋಕೆ ನಾನು ಹಾಕಿರೋ ಪಿ.ಆರ್. ಅಪ್ಲಿಕೇಶನ್ ಇನ್ನೂ ಪೆಂಡಿಂಗ್ ಇದೆ!”

“ನಿನ್ನಂಥೋರು ಇದ್ದಿದ್ರೆ ಇಂಡಿಯಾಕ್ಕೆ ಇನ್ನೂ ಸ್ವಾತಂತ್ರ್ಯ ಬರ್ತಿರಲಿಲ್ಲ.”

“ಬರ್ತಿತ್ತು ಅತ್ತೆ, ಪರ್ಮಿಟ್ ಸಿಕ್ಕ ಮೇಲೆ ಬರ್ತಿತ್ತು.”

ಕೊನೆಗೆ ಅತ್ತೆಯ ಮನೆಯಲ್ಲೇ ಬೀಳ್ಕೊಡುಗೆ ಊಟ ಅಂತ ಒಪ್ಪಂದವಾಯಿತು. ದೊಡ್ಡ ಬಾಳೆಎಲೆಯ ಮೇಲೆ ಕೇಸರಿಬಾತಿನ ಮೂರು ದ್ವೀಪಗಳು, ಗೋಡಂಬಿಯ ತೆಂಗಿನಮರಗಳು! ಅದೇ ಮಹಡಿಯ ಚೀನೀ ಅಂಕಲ್ ಒಬ್ಬರನ್ನೂ ಕರೆದಿದ್ದರು. ಅವರು ಹೊಸ ಷರಟು ಹಾಕಿಕೊಂಡು ಬಂದು, ಹುಡುಗಿಯ ಕೈಗೆ ಚೀನೀಯರು ಮದುವೆಯಲ್ಲಿ ಮುಯ್ಯಿ ಹಾಕಿ ಕೊಡುವ ಕೆಂಪು ಲಕೋಟೆ ಕೊಟ್ಟು, “ಗಂಡು ಎಲ್ಲಿ?” ಅಂತ ನನ್ನನ್ನು ಕೇಳಿದರು. ಮದುವೆ ಅಲ್ಲ, ಬಿಡುಗಡೆ ಅಂದೆ. ಅಂಕಲ್ ತುಂಬಾ ಹೊತ್ತು ಯೋಚಿಸಿ, “ಇನ್ನೂ ಒಳ್ಳೇದು,” ಅಂದರು.

ಏರ್‌ಪೋರ್ಟಿನಲ್ಲಿ ಅತ್ತೆ ಅವಳಿಗೆ ಕೋಡುಬಳೆಯ ಡಬ್ಬ ಕೊಟ್ಟು, ವೋಟಿನ ಚೀಟಿಯಲ್ಲಿ ಎಲ್ಲಿ ಗುರುತು ಹಾಕಬೇಕು ಅಂತ ಮೂರು ಸಲ ಹೇಳಿಕೊಟ್ಟರು. ಹುಡುಗಿ ಅವರನ್ನು ತಬ್ಬಿಕೊಂಡಳು. ಎರಡು ವಿಮಾನ, ಆಮೇಲೆ ಹಡಗಿನಲ್ಲಿ ದಿನಗಟ್ಟಲೆ ಪ್ರಯಾಣ. ಒಂದು ವೋಟಿಗೆ!

ಫಲಿತಾಂಶದ ದಿನ ಮಧ್ಯಾಹ್ನ ನಾವೆಲ್ಲ ಅತ್ತೆಯ ಮನೆಯಲ್ಲಿ ಸೇರಿದ್ದೆವು. ಮಗಳು ಮೊಬೈಲಿನಲ್ಲಿ ನೋಡಿ ನೋಡಿ ಹೇಳುತ್ತಿದ್ದಳು. ಮೊದಲನೇ ದ್ವೀಪ: ಬಿಡುಗಡೆಯ ಕಡೆಗೆ! ಅತ್ತೆ ಚಪ್ಪಾಳೆ ತಟ್ಟಿದರು. ಎರಡನೇ ದ್ವೀಪ: ಅದೂ ಬಿಡುಗಡೆ! ಪಾಯಸಕ್ಕೆ ಹಾಲು ಇಟ್ಟರು. ಮೂರನೆಯದು ಹುಡುಗಿಯ ಸ್ವಂತ ದ್ವೀಪ. ಮಗಳು ಮೊಬೈಲ್ ನೋಡಿದಳು, ಅಜ್ಜಿಯ ಮುಖ ನೋಡಿದಳು, ಮತ್ತೆ ಮೊಬೈಲ್ ನೋಡಿದಳು.

“ಅಜ್ಜಿ… ಮೂರೂ ದ್ವೀಪ ಸೇರಿ ಟೂ ಥರ್ಡ್ಸ್ ವೋಟ್ ಬೇಕಿತ್ತು, ಬರ್ಲಿಲ್ಲ. ಸ್ವಲ್ಪದರಲ್ಲಿ ಹೋಯ್ತು.”

ಅತ್ತೆ ಹೋಗಿ ಒಲೆ ಆರಿಸಿದರು.

ಮೂರು ವಾರವಾದರೂ ಹುಡುಗಿಯ ಸುದ್ದಿ ಇಲ್ಲ. ಅತ್ತೆ ಫೋನ್ ಮಾಡಿದರೆ ಎತ್ತಲಿಲ್ಲ. ವರ್ಕ್‌ಶಾಪಿನಲ್ಲಿ ಕೇಳಿದರೆ, ಊರಿನಿಂದ ವಾಪಸ್ ಬಂದಿದ್ದಾಳೆ ಅಂದರು. “ಪಾಪ, ಸೋತ ದುಃಖಕ್ಕೆ ಊಟ ಬಿಟ್ಟಿರ್ತಾಳೆ,” ಅಂತ ಭಾನುವಾರ ಬೆಳಿಗ್ಗೆ ಪುಳಿಯೋಗರೆ ಕಟ್ಟಿಕೊಂಡು, ನನ್ನನ್ನೂ ಎಳೆದುಕೊಂಡು ಹೊರಟರು. ಟ್ಯಾಂಪಿನೀಸಿನಿಂದ ಜುರಾಂಗ್ ಈಸ್ಟ್ ಅಂದರೆ ಈ ದೇಶದ ಒಂದು ತುದಿಯಿಂದ ಹೆಚ್ಚುಕಡಿಮೆ ಇನ್ನೊಂದು ತುದಿ. ದಾರಿಯುದ್ದಕ್ಕೂ ಮುಂದಿನ ಹೋರಾಟದ ಯೋಜನೆ! ಕಾಗದ ಯಾರಿಗೆ, ಏನಂತ ಬರೆಯಬೇಕು, ಎಲ್ಲ ತಯಾರಾಗಿತ್ತು.

ಬಾಗಿಲು ತೆಗೆದ ಹುಡುಗಿ ನಮ್ಮನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. ಒಳಗೆ ಕೂರಿಸಿದಳು, ನೀರು ಕೊಟ್ಟಳು, ನಿಂತೇ ಇದ್ದಳು. ಅವರಿಬ್ಬರ ಮಾತು ಯಾವಾಗಲೂ ಇಂಗ್ಲಿಷಿನಲ್ಲೇ. ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ, ಅಷ್ಟೆ.

“ಮಿಸ್ ಅತ್ತೆ, ನಾನು ಬೇಡ ಅಂತ ಹಾಕಿದೆ,” ಅಂದಳು.

ಅತ್ತೆಗೆ ಅರ್ಥವಾಗಲಿಲ್ಲ. “ಏನು ಬೇಡ?”

“ಬಿಡುಗಡೆ ಬೇಡ ಅಂತ. ಬೇಕು ಅಂತ ಹಾಕೋಕೇ ಹೋಗಿದ್ದೆ, ದೇವರಾಣೆ. ಆದರೆ ಹೋಗಿ ನೋಡಿದರೆ ಅಮ್ಮನಿಗೆ ಎರಡೂ ಕಿಡ್ನಿ ಹೋಗಿದೆ. ನಮ್ಮಲ್ಲಿ ಒಂದು ಕ್ಲಿನಿಕ್ ಬಿಟ್ಟರೆ ಏನೂ ಇಲ್ಲ. ಅಮ್ಮನನ್ನ ಆ ದೇಶದ ಆಸ್ಪತ್ರೆಗೇ ಕರ್ಕೊಂಡು ಹೋಗ್ಬೇಕು. ಸ್ವತಂತ್ರ ಆದಮೇಲೂ ಅವರು ಸೇರಿಸ್ಕೋತಾರಾ ಅಂತ ಸಿಕ್ಕವರನ್ನೆಲ್ಲ ಕೇಳಿದೆ. ಸೇರಿಸ್ಕೊಳ್ಳಬಹುದು ಅಂದರು. ಸೇರಿಸ್ಕೋತಾರೆ ಅಂತ ಒಬ್ಬರೂ ಹೇಳಲಿಲ್ಲ.” ಅವಳು ಕಿವಿಯ ಚಿಪ್ಪಿನ ಓಲೆಯನ್ನು ತಿರುಗಿಸುತ್ತಾ ನಿಂತಳು. “ನಿಮ್ಮ ಫೋನ್ ಎತ್ತೋಕೆ ಮುಖ ಇರಲಿಲ್ಲ.”

ನಾನು ಅತ್ತೆಯ ಮುಖ ನೋಡಿದೆ. ಬೆಣ್ಣೆಯನ್ನೇ ಕ್ಷಮಿಸದ ಹೆಂಗಸು ಇವರು! ಅತ್ತೆ ಮೂಗಿನ ಮೇಲಿನ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು.

“ಅಮ್ಮ ಈಗ ಎಲ್ಲಿದಾರೆ?”

“ಆ ದೇಶದಲ್ಲೇ. ಆಸ್ಪತ್ರೆಗೆ ಸೇರಿಸಿ ಬಂದೆ. ಅಕ್ಕ ಜೊತೆಗಿದಾಳೆ.”

“ಫೋನ್ ಮಾಡು.”

ವಿಡಿಯೋದಲ್ಲಿ ದಿಂಬಿಗೆ ಒರಗಿದ ಒಬ್ಬ ದಪ್ಪನೆ ಹೆಂಗಸು ಕಾಣಿಸಿದರು. ಮಗಳ ಹಾಗೇ ಗುಂಗುರು ಕೂದಲು, ಪೂರ್ತಿ ನೆರೆತಿತ್ತು. ತೋಳಿಗೆ ದೊಡ್ಡ ಬ್ಯಾಂಡೇಜು. ಅತ್ತೆಯನ್ನು ನೋಡಿ ಏನೋ ಕೇಳಿದರು.

“ಮಿಸ್ ಅತ್ತೆ ಅಂದ್ರೆ ಇವರೇನಾ, ಕೋಪ ಬಂದಿದೆಯಾ ಅಂತ ಕೇಳ್ತಿದಾರೆ,” ಅಂದಳು ಹುಡುಗಿ.

“ಬಂದಿದೆ ಅಂತ ಹೇಳು. ತುಂಬಾ ಬಂದಿದೆ. ಮೊದಲು ಹುಷಾರಾಗಲಿ, ಆಮೇಲೆ ಕೂತ್ಕೊಂಡು ಜಗಳ ಆಡೋಣ.”

ಆ ಕಡೆಯಿಂದ ನಗು ಕೇಳಿಸಿತು. ಅತ್ತೆಯದಕ್ಕೆ ಸಮಸಮವಾದ ದನಿ! ನಗು ನಿಂತಮೇಲೆ ಆಕೆ ಮೆಲ್ಲಗೆ ಇನ್ನೇನೋ ಹೇಳಿದರು.

“ಮುಂದಿನ ಸಲ ವೋಟ್ ಬಂದಾಗ ನಿಮ್ಮ ಮಾತು ಯೋಚನೆ ಮಾಡ್ತಾರಂತೆ.”

ಅತ್ತೆ ಫೋನನ್ನು ತಮ್ಮ ಕೈಗೆ ತೆಗೆದುಕೊಂಡರು. “ಯಾವ ಕಡೆಗೆ ಬೇಕಾದ್ರೂ ಹಾಕಲಿ. ಮುಂದಿನ ಸಲಕ್ಕೆ ಇರಬೇಕು ಅಂತ ಹೇಳು.”

ಹುಡುಗಿ ಹೇಳಲು ಹೋದಳು. ಎರಡು ಪದಕ್ಕೇ ನಿಂತಳು. ಮತ್ತೆ ಪ್ರಯತ್ನಿಸಿದಳು, ಆಗಲಿಲ್ಲ, ಮುಖ ಮುಚ್ಚಿಕೊಂಡು ಅತ್ತೆಯ ಕಾಲ ಬಳಿ ಕೂತುಬಿಟ್ಟಳು. ಅತ್ತೆ ಒಂದು ಕೈಯಲ್ಲಿ ಅವಳ ತಲೆಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು, ಆ ತಾಯಿಗೆ ಮೈಸೂರಿನ ಅಚ್ಚಗನ್ನಡದಲ್ಲಿ ತಾವೇ ಹೇಳಿದರು: “ಇರಬೇಕು ಕಣ್ರೀ ನೀವು. ಗೊತ್ತಾಯ್ತಾ? ಇರಬೇಕು.”

ಅಷ್ಟು ದೂರದ ಆಸ್ಪತ್ರೆಯ ಹಾಸಿಗೆಯಲ್ಲಿ ಆಕೆ, ಒಂದು ಅಕ್ಷರ ಕನ್ನಡ ಬಾರದವರು, ಆಗಲಿ ಅನ್ನುವ ಹಾಗೆ ತಲೆಯಾಡಿಸಿದರು.