ಉಪ್ಪಿನಕಾಯಿಗೊಂದು ಒಪ್ಪಿಗೆ

ಇಂಡಿ ಪಟ್ಟಣದ ಕಲ್ಮೇಶನ ಲಿಂಬೆ ಉಪ್ಪಿನಕಾಯಿಗೆ ಇಪ್ಪತ್ತೆರಡು ಖಾಯಂ ಗಿರಾಕಿಗಳು. ಹೊಸ ಸರಕು ತಯಾರಾದಾಗಲೆಲ್ಲ ಅವರಿಗೊಂದು ಇಮೇಲ್ ಹೋಗುತ್ತಿತ್ತು, ಎರಡೇ ದಿನದಲ್ಲಿ ಭರಣಿ ಬರಿದಾಗುತ್ತಿತ್ತು. ಆ ಸುಖಕ್ಕೆ ಇಂದು ಬೆಳಿಗ್ಗೆ ಕಲ್ಲು ಬಿತ್ತು. ಅವನ ಪರವಾಗಿ ಇಮೇಲ್ ಕಳಿಸುವ ಕಂಪನಿ ಬರೆದಿತ್ತು:

'ಹೊಸ ನಿಯಮದಂತೆ ಒಪ್ಪಿಗೆಯಿಲ್ಲದೆ ಯಾರಿಗೂ ಜಾಹೀರಾತು ಕಳಿಸುವಂತಿಲ್ಲ. ಬೇಕು, ಬೇಡ ಎಂಬ ಎರಡು ಬಟನ್ ಕಳಿಸಿ ನಿಮ್ಮ ಗಿರಾಕಿಗಳನ್ನು ಕೇಳಿದೆವು. ಇಪ್ಪತ್ತೆರಡು ಜನವೂ ಬೇಡ ಒತ್ತಿದ್ದಾರೆ. ಸಂಜೆ ಆರರೊಳಗೆ ಅರ್ಧದಷ್ಟು ಜನರಾದರೂ ಒಪ್ಪದಿದ್ದರೆ ನಿಮ್ಮ ಖಾತೆ ಬಂದ್.'

ಕಲ್ಮೇಶ ಫೋನ್ ಹಿಡಿದು ಹೊರಗೋಡಿದ. ಮನೆಯಲ್ಲಿ ಮುನ್ನೂರು ಬಾಟಲಿ ತುಂಬಿ ಕೂತಿದ್ದವು.

ಪಕ್ಕದ ಮೊಬೈಲ್ ಅಂಗಡಿಯ ಮಲಿಕಸಾಬ ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ. "ತಮ್ಮಾ, ನಮ್ಮ ಕಡಿ ಮಂದಿ ಒಮ್ಮೆ ಕೇಳಿದ್ರ ಬೇಕು ಅಂತಾರೇನು? ಮೂರ್ ಸಲ ಬ್ಯಾಡ ಅಂದ ಮ್ಯಾಲನ ಹೋಳಿಗಿಗೆ ಕೈ ಹಾಕ್ತಾರ. ಹೋಗಿ ಒತ್ತಾಯ ಮಾಡು!"

ಕಲ್ಮೇಶ ಬೈಕ್ ಹತ್ತಿದ. ತಾಂಬಾ ಊರಿನಲ್ಲಿ ನಿವೃತ್ತ ಶ್ರೀಶೈಲಪ್ಪ ಮಾಸ್ತರರು ಕಟ್ಟೆಯ ಮೇಲೇ ಸಿಕ್ಕರು.

"ಮಾಸ್ತರ, ಬ್ಯಾಡ ಅಂತ ಯಾಕ ಒತ್ತಿದ್ರಿ?"

"ಮತ್ತೇನೋ! ಕೇಳಿದ ಕೂಡ್ಲೇ ಬೇಕು ಅನ್ನಾಕ ನಾ ಏನ ಉಪವಾಸ ಬಿದ್ದೇನೇನು? ಇನ್ನೊಮ್ಮೆ ಕೇಳ್ತಾರಂತ ದಾರಿ ಕಾಯಾಕತ್ತೇನಿ."

ಕಲ್ಮೇಶ ಕೈಮುಗಿದು ಕೇಳಿದ. ಮಾಸ್ತರರು ಇನ್ನೆರಡು ಸಲ ಬೇಡವೆಂದರು, ಮೂರನೆಯದಕ್ಕೆ ಪ್ರಸನ್ನರಾಗಿ 'ಬೇಕು' ಒತ್ತಿದರು.

ಮನೆಮನೆಯಲ್ಲೂ ಇದೇ ಪೂಜೆ. ಜೊತೆಗೆ ಮನೆಗೊಂದು ಚಹಾ, ತಟ್ಟೆ ತುಂಬ ಮಂಡಕ್ಕಿಯ ಸುಸಲಾ. ಬೇಡವೆಂದಷ್ಟೂ ಬಡಿಸಿದರು. ಸಿಂದಗಿ ಮುಟ್ಟುವಷ್ಟರಲ್ಲಿ ಅಂಗಿಯ ಗುಂಡಿ ಬಿಚ್ಚುವ ಹಾಗಾಗಿತ್ತು. ಅಲ್ಲಿ ಖಾನಾವಳಿಯ ಜಯಮಾಲಾ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಮದಲ ಎರಡು ಶೇಂಗಾ ಹೋಳಿಗಿ ತಿನ್ನು. ಆಮ್ಯಾಲ ನಿನ್ನ ಬಟನ್ನು!"

ಕಣ್ಣುಮುಚ್ಚಿ ತಿಂದ. ಜಯಮಾಲಾ ತಾನೂ ಒತ್ತಿದಳು, ಊಟಕ್ಕೆ ಕುಳಿತಿದ್ದ ಅವನ ನಾಲ್ಕು ಗಿರಾಕಿಗಳಿಂದಲೂ ಗದರಿಸಿ ಒತ್ತಿಸಿದಳು. ನಾಲ್ಕು ಗಂಟೆಗೆ ಲೆಕ್ಕ ಮುಗಿಯಿತು. ಅರ್ಧವಲ್ಲ, ಇಪ್ಪತ್ತೆರಡಕ್ಕೆ ಇಪ್ಪತ್ತೆರಡು! ಕಲ್ಮೇಶ ದಿಗ್ವಿಜಯ ಮುಗಿಸಿದ ರಾಜನಂತೆ ಊರಿಗೆ ಮರಳಿದ. ಮಲಿಕಸಾಬ ಓಣಿಗೆಲ್ಲ ಪೇಡೆ ಹಂಚಿದ. ಇಷ್ಟು ಸಂತೋಷ ಕಲ್ಮೇಶನಿಗೆ ತನ್ನ ಮದುವೆಯ ದಿನವೂ ಆಗಿರಲಿಲ್ಲ.

ಆರಕ್ಕೆ ಐದು ನಿಮಿಷವಿರುವಾಗ ಕಂಪನಿಯಿಂದ ಫೋನ್ ಬಂತು. ಹೆಣ್ಣುದನಿ ಜೇನಿನಂತಿತ್ತು.

"ಅಭಿನಂದನೆಗಳು ಸರ್! ಎಲ್ಲರೂ ಒಪ್ಪಿದ್ದಾರೆ. ನಮ್ಮಲ್ಲಿ ಇಂಥದ್ದು ಇದೇ ಮೊದಲು. ಕೊನೆಯದಾಗಿ, ನಿಯಮದ ಪ್ರಕಾರ ನಿಮ್ಮದೂ ಒಪ್ಪಿಗೆ ಬೇಕು. ಖಾತೆ ಮುಂದುವರಿಸೋಣವೇ?"

ಕಲ್ಮೇಶ ಉಬ್ಬಿಹೋದ. ಇಷ್ಟು ಮರ್ಯಾದೆಯಿಂದ ಕೇಳುವಾಗ ಹಪಹಪಿಸಿ ಹೂಂ ಅಂದರೆ ಮನೆತನದ ಗತಿಯೇನು? ನಾಚಿಕೊಂಡು ಹೇಳಿದ: "ಅಯ್ಯ, ಬ್ಯಾಡ ಬಿಡ್ರಿ ಮೇಡಂ, ನಿಮಗ್ಯಾಕ ಸುಮ್ನ ತ್ರಾಸು!"

"ಸರಿ ಸರ್. ನಿಮ್ಮ ಇಚ್ಛೆಯಂತೆ ಖಾತೆ ಮುಚ್ಚಿದ್ದೇವೆ. ಧನ್ಯವಾದ."

ಫೋನ್ ಕಟ್ಟಾಯಿತು. ಎರಡನೆಯ ಸಲ ಕೇಳುತ್ತಾರೆಂದು ಕಲ್ಮೇಶ ಅದನ್ನು ಕಿವಿಗೆ ಹಿಡಿದುಕೊಂಡೇ ನಿಂತಿದ್ದ.