ಅತ್ತೆ ಹಾರಿ ಬಂದ ಒಂದು ಗಂಟೆ ನಲವತ್ತು ನಿಮಿಷ

ಬೆಳಗಾವಿಯ ಸಾಂಬ್ರಾದಿಂದ ಮುಂಬಯಿಯ ಸಾಂತಾಕ್ರೂಜಿಗೆ ವಿಮಾನ ಎಷ್ಟು ಹೊತ್ತಿನಲ್ಲಿ ಬರುತ್ತದೆ? ಐವತ್ತಾರನೆಯ ಇಸವಿಯಲ್ಲಿ ಕುರ್ಲಾದ ನಮ್ಮ ಇಡೀ ಚಾಳಿನಲ್ಲಿ ಅದನ್ನು ಬಲ್ಲ ಮಹಾಪಂಡಿತ ನಾನೊಬ್ಬನೇ! ಆಫೀಸಿನ ಗೋಡೆಯ ನಕ್ಷೆಗೆ ದಾರ ಹಿಡಿದು ಅಳೆದಿದ್ದೆ. ಇನ್ನೂರ ಅರವತ್ತು ಮೈಲಿ. ಡಕೋಟಾ ವಿಮಾನದ ವೇಗದಿಂದ ಭಾಗಿಸಿದರೆ ಒಂದು ಗಂಟೆ ನಲವತ್ತು ನಿಮಿಷ.

ಈ ಗಣಿತಕ್ಕೆ ಕಾರಣ ನನ್ನ ಹೆಂಡತಿ ಮಲ್ಲವ್ವನ ಕುಬಸ, ಅಂದರೆ ಸೀಮಂತ. ಅವಳಿಗೆ ಏಳು ತಿಂಗಳು ತುಂಬಿತ್ತು. ತವರಿನ ಹಸಿರು ಸೀರೆಯನ್ನು ಅವ್ವನೇ ತಂದು ಉಡಿಸಬೇಕು, ಅದೂ ಬೆಳಿಗ್ಗೆ ಹತ್ತೂವರೆಯೊಳಗೆ, ಆಮೇಲೆ ಮುಹೂರ್ತವಿಲ್ಲ. ಆದರೆ ಹಿಂದಿನ ರಾತ್ರಿಯವರೆಗೂ ಅತ್ತೆ ಕಾಶವ್ವನಿಗೆ ಊರಲ್ಲಿ ತಂಗಿಯ ಮಗಳ ಮದುವೆ. ರೈಲು ಹತ್ತಿದರೆ ಮುಟ್ಟುವ ಮಾತೇ ಇಲ್ಲ.

"ಅವ್ವ ಇಲ್ಲದ ಕುಬಸ ನನಗ ಬ್ಯಾಡ್ರಿ," ಎಂದು ಮಲ್ಲವ್ವ ಕಣ್ಣೊರೆಸಿಕೊಂಡಳು.

ಅತ್ತೆಯನ್ನು ಆಕಾಶಮಾರ್ಗದಲ್ಲೇ ಕರೆಸುತ್ತೇನೆಂದು ಎದೆ ತಟ್ಟಿಕೊಂಡು, ಬೋನಸ್ಸನ್ನೆಲ್ಲ ಟಿಕೆಟ್ಟಿಗೆ ಸುರಿದೆ.

ವಿಮಾನ ಏಳಕ್ಕೆ ಹೊರಟು ಎಂಟೂ ನಲವತ್ತಕ್ಕೆ ಇಳಿಯಬೇಕು. ಬೇಗ ಹೊರಡಿ, ಅವ್ವನಿಗೆ ಮುಂಬಯಿಯ ಗಂಧಗಾಳಿಯೂ ಗೊತ್ತಿಲ್ಲ ಎಂದು ಮಲ್ಲವ್ವ ಆರಕ್ಕೇ ಶುರುಮಾಡಿದಳು. ನಾನು ಮಾತ್ರ ಚಹಾ ಕುಡಿದು, ಮೀಸೆ ತಿದ್ದಿ, ಎಂಟಕ್ಕೆ ಹೊರಟೆ. ನನ್ನ ನಕ್ಷೆಯಲ್ಲಿ ಕುರ್ಲಾವೂ ಸಾಂತಾಕ್ರೂಜೂ ಮುಂಬಯಿಯ ಒಂದೇ ಚುಕ್ಕೆಯೊಳಗೆ ಅಡಗಿದ್ದವು!

ಲೋಕಲ್ ರೈಲಿನಲ್ಲಿ ದಾದರಿಗೆ ಬಂದು, ಸೇತುವೆ ದಾಟಿ, ಸಾಂತಾಕ್ರೂಜಿನ ಲೈನಿಗೆ ಹೋಗುವಷ್ಟರಲ್ಲಿ ಎಂಟೂವರೆ. ಹೊತ್ತು ಉಳಿಸಲು ಫಾಸ್ಟ್ ಲೋಕಲ್ ಹತ್ತಿದೆ. ಅದು ಸಾಂತಾಕ್ರೂಜ್ ಸ್ಟೇಷನ್ನನ್ನು ಕಣ್ಣೆತ್ತಿಯೂ ನೋಡದೆ ಓಡಿ, ಅಂಧೇರಿಯಲ್ಲಿ ನಿಂತಿತು. ಹಿಂದಕ್ಕೆ ಬಂದು, ಬಸ್ಸಿಗೆ ಕಾದು, ವಿಮಾನ ನಿಲ್ದಾಣ ಮುಟ್ಟಿದಾಗ ಒಂಬತ್ತೂ ಮುಕ್ಕಾಲು. ಇಳಿದವರೆಲ್ಲ ಯಾವಾಗಲೋ ಹೋಗಿಯಾಗಿತ್ತು. ಇಳಕಲ್ ಸೀರೆಯ ಮುದುಕಿಯನ್ನು ಕಂಡಿರಾ ಎಂದು ಸಿಕ್ಕಸಿಕ್ಕವರನ್ನು ಕೇಳಿದೆ. ಎಲ್ಲರೂ ಇಲ್ಲವೆಂದು ತಲೆಯಾಡಿಸಿದರು. ಗಡಿಯಾರ ಹತ್ತೂವರೆ ದಾಟಿತು. ಬಸುರಿ ಹೆಂಡತಿಗೆ ಯಾವ ಮುಖ ತೋರಿಸಲಿ!

ಹನ್ನೆರಡಕ್ಕೆ ಚಾಳಿನ ಮೆಟ್ಟಿಲು ಹತ್ತುತ್ತಿದ್ದಾಗ ಹೆಂಗಸರ ಹಾಡು ಕೇಳಿಸಿತು. ಬಾಗಿಲಲ್ಲಿ ಇಣುಕಿದೆ. ಹಸಿರು ಸೀರೆಯುಟ್ಟು, ಕೈತುಂಬ ಹಸಿರು ಬಳೆ ತೊಟ್ಟು ಮಲ್ಲವ್ವ ಮಣೆಯ ಮೇಲೆ ಕೂತಿದ್ದಳು. ಅವಳ ಅವತ್ತಿನ ನಗೆ ಇವತ್ತಿಗೂ ನನ್ನ ಕಣ್ಣಲ್ಲಿದೆ.

ಆದದ್ದಿಷ್ಟು. ನನ್ನನ್ನು ಕಾದೂ ಕಾದೂ ಅತ್ತೆ, ನಾನು ಇಣುಕಿಯೂ ನೋಡದ ಅಲ್ಲಿಯ ಉಪಾಹಾರದಂಗಡಿಯಲ್ಲಿದ್ದ ಉಡುಪಿಯ ಐತನೆಂಬವನಿಗೆ, ನಾನು ಬರೆದ ಕಾರ್ಡಿನಲ್ಲಿದ್ದ ವಿಳಾಸ ತೋರಿಸಿದ್ದರು. ಅವನು ಒಂಬತ್ತೂವರೆಗೇ ಟ್ಯಾಕ್ಸಿ ಹತ್ತಿಸಿಕೊಟ್ಟಿದ್ದ. ನೆಟ್ಟಗೆ ರಸ್ತೆ ಹಿಡಿದರೆ ಕುರ್ಲಾ ಇಪ್ಪತ್ತು ನಿಮಿಷ!

ಅತ್ತೆ ತೀರಿಕೊಂಡು ವರ್ಷಗಳಾದವು, ಚಾಳೂ ಬಿದ್ದುಹೋಯಿತು. ಆದರೆ ಅವತ್ತು ಬೆವರು ಸುರಿಸುತ್ತ ಹೊಸ್ತಿಲಲ್ಲಿ ನಿಂತ ನನ್ನನ್ನು ನೋಡಿ, ಅವರು ತಂಬಿಗೆ ನೀರು ಹಿಡಿದು ಬಂದದ್ದನ್ನು ಹೇಗೆ ಮರೆಯಲಿ?

"ಬರ್ರಿ ಅಳ್ಯಾರ, ಮದ್ಲ ಕಾಲ್ ತೊಳಕೋರಿ," ಎಂದರು ಅತ್ತೆ. "ಭಾಳ ದೂರದಿಂದ ಬಂದೀರಿ."