ಭಾವನ ಎರಡು ಪೆಟ್ಟಿಗೆ, ಅಕ್ಕನ ಒಂದು ಕಿವಿ

ನಮ್ಮ ಭಾವನಿಗೆ ದೇವರಲ್ಲಿ ನಂಬಿಕೆ ಇದೆಯೋ ಇಲ್ಲವೋ ನಾನರಿಯೆ. ಆದರೆ ಆ ದೇವರು ಮನುಷ್ಯನಿಗೆ ಎರಡು ಕಿವಿ ಕೊಟ್ಟಿದ್ದು ಸ್ಟೀರಿಯೋ ಕೇಳಲಿಕ್ಕೆಂದೇ ಅನ್ನುವುದರಲ್ಲಿ ಮಾತ್ರ ಅವರಿಗೆ ಲವಲೇಶವೂ ಸಂಶಯವಿಲ್ಲ! "ಐದು ಸ್ಪೀಕರ್ ಬೇಕಾಗಿದ್ದಿದ್ರೆ ಐದು ಕಿವಿ ಕೊಡ್ತಿದ್ದ" ಎಂಬ ಈ ವಾಕ್ಯವನ್ನು ಅವರು ಮದುವೆಮನೆಗಳಲ್ಲಿ, ಮುಳಬಾಗಿಲಿನ ಬಸ್‌ಸ್ಟ್ಯಾಂಡಿನಲ್ಲಿ, ಒಮ್ಮೆಯಂತೂ ಹನ್ನೊಂದನೆಯ ದಿನದ ಊಟದ ಪಂಕ್ತಿಯಲ್ಲಿ ಹೇಳಿದ್ದಾರೆ. ಪಕ್ಕದಲ್ಲಿ ಕೂತಿದ್ದ ನಾನು ಪಾಯಸದ ಕಡೆ ನೋಡುತ್ತಾ ಯಾರೋ ಅಪರಿಚಿತಳಂತೆ ನಟಿಸಿದೆ.

ನಾನೂ ಅಕ್ಕನೂ ಕೆಜಿಎಫ್‌ನ ಕಾನ್ವೆಂಟಿನಲ್ಲಿ ಓದಿದವರು. ಸಂಜೆ ಸಿಸ್ಟರ್ ಒಬ್ಬರು ಪಿಯಾನೋ ನುಡಿಸುತ್ತಿದ್ದರೆ ಅಕ್ಕ ಕಿಟಕಿಯ ಹೊರಗೆ ನಿಂತು ಕೇಳಿ, ಪ್ರೇಯರ್‌ಗೆ ಲೇಟಾಗಿ, ಬೈಸಿಕೊಂಡು ಬರುತ್ತಿದ್ದಳು. ಅಂಥವಳಿಗೆ ಸಂಗೀತದ ಹುಚ್ಚಿರುವ ವರ ಸಿಕ್ಕಾಗ ನಾನು "ಮೇಡ್ ಫಾರ್ ಈಚ್ ಅದರ್" ಎಂದು ಕುಣಿದಾಡಿದ್ದೆ. ಎಳೆಯ ವಯಸ್ಸು ನೋಡಿ, ಹುಚ್ಚಿಗೂ ರುಚಿಗೂ ವ್ಯತ್ಯಾಸ ಗೊತ್ತಿರಲಿಲ್ಲ.

ಭಾವ ರೇಷ್ಮೆ ಇಲಾಖೆಯಲ್ಲಿದ್ದು ರಿಟೈರಾದವರು. ಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ದೊಡ್ಡ ತಟ್ಟೆ, ಚಂದ್ರಿಕೆ, ಗೊತ್ತಲ್ಲ? ಅದನ್ನು ಅವರು ಹಾಲಿನ ಗೋಡೆಗಳಿಗೆಲ್ಲ ಮೊಳೆ ಹೊಡೆದು ತೂಗುಹಾಕಿದ್ದಾರೆ. ಸುರುಳಿ ಸುರುಳಿಯಾದ ಆ ಬಿದಿರಿನ ಪಟ್ಟಿಗೆ ಬಡಿದರೆ ಶಬ್ದ ಒಡೆದು ಹದವಾಗಿ ಹರಡುತ್ತದಂತೆ, ಅಕೌಸ್ಟಿಕ್ಸ್ ಅಂತೆ! ಬಂದ ನೆಂಟರೆಲ್ಲ ಸೋಫಾ ಮೇಲೆ ಹುಳು ಹರಿದಾಡುತ್ತಿದೆಯೇನೋ ಎಂದು ಸೀರೆ ಕೊಡವಿಕೊಂಡು ಕೂರುತ್ತಾರೆ. ಶ್ರೀನಿವಾಸಪುರದಿಂದ ಬಂದ ಬೀಗಿತ್ತಿಯಂತೂ ಕಾಫಿ ಕುಡಿಯುತ್ತಾ, ಈ ಸಲ ಬೆಳೆ ಹೇಗಿದೆ, ಗೂಡಿಗೆ ಏನು ರೇಟು ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದರು.

ಸ್ಪೀಕರುಗಳು ನೆಲದ ಅದುರಿಗೆ ಅಲುಗಬಾರದಲ್ಲ? ಅದಕ್ಕೆ ಟೇಕಲ್ ಕಡೆಯಿಂದ ಚಪ್ಪಡಿ ಕಲ್ಲು ತರಿಸಿದರು. ಅದರ ಮೇಲೂ ಸ್ವಲ್ಪ ಎತ್ತರ ಬೇಕಾಗಿ ಅಕ್ಕನ ಬೀಸುವ ಕಲ್ಲಿನ ಮೇಲಿನ ಬಿಲ್ಲೆ ಎಡ ಸ್ಪೀಕರಿಗೆ, ಕೆಳಗಿನ ಬಿಲ್ಲೆ ಬಲ ಸ್ಪೀಕರಿಗೆ ಹೋಯಿತು. ರಾಗಿ ಎಲ್ಲಿ ಬೀಸಲಿ ಎಂದು ಅಕ್ಕ ಕೇಳಿದ್ದಕ್ಕೆ, ಊರಿನಲ್ಲಿ ಮಿಲ್ಲು ಇರುವುದು ಯಾಕೆ ಎಂದರಂತೆ.

ಇನ್ನು ಕುರ್ಚಿಯ ವಿಷಯ. ಎರಡು ಸ್ಪೀಕರುಗಳಿಂದಲೂ ಸಮ ದೂರದಲ್ಲಿ ಒಂದು ಬೆತ್ತದ ಕುರ್ಚಿ. ಅಲ್ಲಿ ಕೂತರೆ ಮಾತ್ರ ಹಾಡುಗಾರ ಸಾಕ್ಷಾತ್ ಎದುರಿಗೆ ಬಂದು ಕೂರುತ್ತಾನೆ. ಒಂದು ಗೇಣು ಆಚೆ ಸರಿದರೆ ಎದ್ದು ಕಿಟಕಿಯ ಹತ್ತಿರ ಹೋಗಿಬಿಡುತ್ತಾನೆ! ಹಾಗಾದರೆ ಮಿಕ್ಕವರು ಎಲ್ಲಿ ಕೂರಬೇಕು? ಈ ಪ್ರಶ್ನೆಯನ್ನು ಆ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ.

ಮನೆಯ ಹಿಂದೆ ಟೊಮೇಟೊ ತೋಟ. ತ್ರೀಫೇಸ್ ಕರೆಂಟು ಬಂದಕೂಡಲೇ ಅಲ್ಲಿನ ಮೋಟಾರು ಗುಂಯ್ ಅನ್ನುತ್ತದೆ, ಭಾವನ ಸ್ಪೀಕರಿನೊಳಗಿನ ತಂಬೂರಿ ನಡುಗುತ್ತದೆ. ಒಂದು ದಿನ ಭಾವ ಬೇಲಿಯ ಹತ್ತಿರ ಹೋಗಿ, ಆಲಾಪನೆ ಮುಗಿಯುವ ತನಕ ಮೋಟಾರು ನಿಲ್ಲಿಸಿ ಎಂದು ವಿನಂತಿಸಿಕೊಂಡರು. ತೋಟದವರು ತಲೆಗೆ ಸುತ್ತಿದ ಟವೆಲ್ಲು ಬಿಚ್ಚಿ ಮುಖ ಒರೆಸಿಕೊಂಡು ಹೇಳಿದರು: "ಏಮಿ ಸ್ವಾಮಿ, ನಿಮ್ಮ ಪಾಟ ಸಾಯಂಕಾಲಾನೂ ಹಾಡ್ತದೆ. ನನ್ನ ಕರೆಂಟು ಸಾಯಂಕಾಲ ಬರ್ತದಾ?"

ಹೀಗಿರುವಾಗ ಅಕ್ಕನಿಗೆ ಎಡಗಿವಿ ಪೂರ್ತಿ ಹೋಯಿತು. ಬಲಗಿವಿ ಅರೆಬರೆ. ಡಾಕ್ಟರು ಕೊಟ್ಟ ಮಿಷನ್ನು ಹಾಕಿಕೊಂಡರೆ ಕಿವಿಯೊಳಗೆ ಜೀರುಂಡೆ ಕೂತ ಹಾಗೆ ಆಗುತ್ತದೆಂದು ಅದನ್ನು ಕುಂಕುಮದ ಡಬ್ಬಿಯ ಪಕ್ಕ ಇಟ್ಟುಬಿಟ್ಟಳು. ಮುಖ್ಯ ಸಂಕಟ ಏನೆಂದರೆ ಟೀವಿಯ ಸೀರಿಯಲ್ಲು. ಮಾತೇ ಕೇಳಿಸದು. ಒಂದೊಂದು ಡೈಲಾಗಿಗೂ ಅಕ್ಕ "ಏನಂದ್ಲು?" ಅನ್ನುತ್ತಾಳೆ, ಭಾವ ಕುರ್ಚಿಯಿಂದಲೇ ಅನುವಾದ ಮಾಡುತ್ತಾರೆ. ಅನುವಾದವೋ, ಸ್ವಂತ ರಚನೆಯೋ! ಬೇಗ ಮುಗಿದರೆ ತಮ್ಮ ಸಂಗೀತ ಹಾಕಬಹುದೆಂದು ಒಂದು ಸಂಜೆ ಕಥಾನಾಯಕಿ ಸತ್ತಳು ಎಂದು ಹೇಳಿಬಿಟ್ಟರು. ಮಾರನೆಯ ದಿನ ಅವಳು ಕಾಫಿ ಕುಡಿಯುತ್ತಾ ಕಾಣಿಸಿದಳು.

"ಸತ್ತೋಳು ಹೆಂಗ್ರೀ ಬಂದ್ಲು?"

"ಅವಳಲ್ಲ ಕಣೇ. ಅವಳಿ ತಂಗಿ."

ಕೋಲಾರದಲ್ಲಿ ಲೆಕ್ಚರರ್ ಆಗಿರುವ ಅವರ ಮಗಳಿಗೆ ಇದನ್ನೆಲ್ಲ ನೋಡಿ ತಡೆಯಲಾಗಲಿಲ್ಲ. ಹೋಂ ಥಿಯೇಟರ್ ರಿಸೀವರ್ ಒಂದನ್ನು ತಂದಳು. ಟೀವಿಯದೂ ಸೀಡಿಯದೂ ಶಬ್ದವೆಲ್ಲ ಅದರೊಳಗೆ ಹೋಗಿ, ಐದು ಸ್ಪೀಕರುಗಳಿಗೂ ಒಂದು ವೂಫರಿಗೂ ಹಂಚಿಕೆಯಾಗುತ್ತದೆ. ಮುಖ್ಯವಾಗಿ, ನಡುವಿನ ಸ್ಪೀಕರ್ ಮಾತಿಗೇ ಮೀಸಲು. ಅಮ್ಮನಿಗೆ ಡೈಲಾಗು ಬಿಡಿಬಿಡಿಯಾಗಿ ಕೇಳಿಸುತ್ತದೆ ಎಂದು ಅವಳ ಲೆಕ್ಕ. ಆದರೆ ಹಾಲಿನಲ್ಲಿ ಎರಡಕ್ಕೆ ಜಾಗವಿಲ್ಲ. ಭಾವನ ಹಳೆಯ ಆಂಪ್ಲಿಫೈಯರ್ ಅಟ್ಟ ಸೇರಬೇಕು, ಅವರ ಎರಡು ಸ್ಪೀಕರುಗಳು ಹೊಸಬನ ಕೈಕೆಳಗೆ ದುಡಿಯಬೇಕು.

ಭಾವ ಕೆರಳಿ ಕೆಂಡವಾದರು. ಅದು ಸಿನಿಮಾದಲ್ಲಿ ಬಾಂಬು ಸಿಡಿಸುವುದಕ್ಕೆ ಲಾಯಕ್ಕು, ಸಂಗೀತಕ್ಕಲ್ಲ ಎಂದರು. ಒಂದೇ ಪೆಟ್ಟಿಗೆಯೊಳಗೆ ಇಷ್ಟೊಂದು ಕೆಲಸ ತುರುಕಿದರೆ ಯಾವುದೂ ನೆಟ್ಟಗಾಗದು ಎಂದರು. ಹಿಂದಿನ ಸ್ಪೀಕರುಗಳ ಮೇಲಂತೂ ವಿಶೇಷ ಸಿಟ್ಟು. "ಕಚೇರೀಲಿ ಮೃದಂಗದೋನು ನನ್ನ ಬೆನ್ನ ಹಿಂದೆ ಕೂರ್ತಾನೇನಮ್ಮಾ?" ಎಂದು ನನ್ನನ್ನೇ ಕೇಳಿದರು. ರಿಸೀವರಿನ ಡಬ್ಬ ಮಂಚದ ಕೆಳಗೆ ಸೇರಿತು. ಅಕ್ಕ ಅದರ ಮೇಲೆ ಹುಣಸೆಹಣ್ಣಿನ ಜಾಡಿ ಇಟ್ಟಳು.

ಅವರೆಕಾಯಿ ಕಾಲದಲ್ಲಿ ಭಾವನ ಫೋನು ಬಂತು. ಅದೂ ಇದೂ ಮಾತಾಡಿ, ಕೊನೆಗೆ ದೂರು ಕೊಡುವವರಂತೆ ಹೇಳಿದರು: "ನಿಮ್ಮಕ್ಕ ಏನಂದ್ಲು ಅಂತ ಕೇಳೋದೇ ಬಿಟ್ಟಿದ್ದಾಳೆ ಕಣಮ್ಮ. ಸುಮ್ನೆ ನೋಡ್ತಾ ಕೂತಿರ್ತಾಳೆ."

ನಿಮಗೆ ನೆಮ್ಮದಿಯಾಯಿತಲ್ಲ ಭಾವಾ ಎಂದು ನಾನು ಚುಡಾಯಿಸಿದೆ. ಅವರು ನಗದೆ, ಆ ಡಬ್ಬ ಜೋಡಿಸುವವನನ್ನು ಮಗಳಿಗೆ ಹೇಳಿ ಕರೆಸಬೇಕು ಎಂದು ಫೋನಿಟ್ಟರು.

ಮುಂದಿನ ವಾರವೇ ರಿಸೀವರ್ ಜೋಡಿಸುವವನು ಬರುತ್ತಾನೆಂದು ಸುದ್ದಿ. ಈ ಯುದ್ಧದ ಕೊನೆಯ ಅಂಕ ಮಿಸ್ ಮಾಡಿಕೊಳ್ಳುವುದುಂಟೆ? ಬಸ್ಸು ಹತ್ತಿ ಹೋದೆ. ಭಾವ ಅವನ ಬೆನ್ನಿಗೇ ಅಂಟಿಕೊಂಡು, ತಂತಿ ತೆಳ್ಳಗಾಯಿತು, ಗೋಡೆಗೆ ಮೊಳೆ ಸೊಟ್ಟಗಾಯಿತು, ಚಂದ್ರಿಕೆ ಮುಟ್ಟಬೇಡ ಎಂದು ಪ್ರಾಣ ಹಿಂಡುತ್ತಿದ್ದರು. ಹಳೆಯ ಆಂಪ್ಲಿಫೈಯರನ್ನು ತಾವೇ ಪಂಚೆಯಲ್ಲಿ ಸುತ್ತಿ, ಮಗುವನ್ನು ಮಲಗಿಸುವಂತೆ ಅಟ್ಟದಲ್ಲಿ ಮಲಗಿಸಿದರು. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಗು ತಡೆದೆ.

ಎಲ್ಲ ಮುಗಿದ ಮೇಲೆ ಅವನು ಮೂರು ಕಾಲಿನ ಒಂದು ಪುಟ್ಟ ಮೈಕು ತೆಗೆದ. ಕೇಳುವವರ ಕಿವಿ ಎಲ್ಲಿರುತ್ತದೋ ಅಲ್ಲಿ ಅದನ್ನಿಡಬೇಕಂತೆ. ರಿಸೀವರ್ ಒಂದೊಂದೇ ಸ್ಪೀಕರಿನಿಂದ ಕೂಗಿ ನೋಡಿ, ಆ ಜಾಗಕ್ಕೆ ತಕ್ಕಂತೆ ಎಲ್ಲವನ್ನೂ ಹೊಂದಿಸಿಕೊಳ್ಳುತ್ತದಂತೆ. ಯಾರಿಗೆ ಹೊಂದಿಸುವುದೆಂದು ಅವನು ಕೇಳಲೂ ಇಲ್ಲ. ನೇರ ಹೋಗಿ ಬೆತ್ತದ ಕುರ್ಚಿಯ ಮೇಲೆ ಇಟ್ಟ. ಬೇರೆ ಇನ್ನೆಲ್ಲಿ ಇಡುತ್ತಾನೆ?

"ಅಲ್ಲಲ್ಲಪ್ಪ," ಎಂದರು ಭಾವ.

ಮೈಕನ್ನು ಎತ್ತಿಕೊಂಡು ಅಡುಗೆಮನೆಯ ಬಾಗಿಲಿನ ಪಕ್ಕಕ್ಕೆ ಹೋದರು. ಅಕ್ಕ ದಿನವೂ ಮಣೆ ಹಾಕಿಕೊಂಡು ಕೂರುವ ಮೂಲೆ ಅದು. ಮಂಡಿ ಹಿಡಿದುಕೊಂಡು ನಿಧಾನವಾಗಿ ನೆಲಕ್ಕೆ ಕೂತರು. ಮೈಕಿನ ಕಾಲುಗಳನ್ನು ಒಳಕ್ಕೆ ತಳ್ಳಿ ಗಿಡ್ಡ ಮಾಡಿದರು, ನೋಡಿದರು, ಇನ್ನೊಂದು ಬೆರಳಷ್ಟು ತಗ್ಗಿಸಿದರು. ಆಮೇಲೆ ತುಸು ಬಲಕ್ಕೆ ಸರಿಸಿದರು.

"ಇಷ್ಟೇ ಎತ್ತರ," ಎಂದರು. "ಅವಳು ಬಗ್ಗಿ ಕೂತಾಗ ಬಲಗಿವಿ ಇಲ್ಲಿ ಬರುತ್ತೆ."

ಜೋಡಿಸುವವನು ಹೇಳಿದ, ಹಾಗೆ ಮಾಡಿದರೆ ಕುರ್ಚಿಯಲ್ಲಿ ಕೂತವರಿಗೆ ಸಂಗೀತವೆಲ್ಲ ಒಂದು ಪಕ್ಕಕ್ಕೆ ವಾಲಿಕೊಂಡಂತೆ ಕೇಳಿಸುತ್ತದೆ ಸಾರ್. ಗೊತ್ತು, ನೀನು ಒತ್ತು ಎಂದರು ಭಾವ.

ಅವನು ಹೋದ ಮೇಲೆ ಅಕ್ಕ ತನ್ನ ಮೂಲೆಯಲ್ಲಿ ಅವರೆಕಾಳು ಹಿದುಕಲು ಕೂತಳು. ಭಾವ ಒಂದು ಪಿಟೀಲು ವಾದನ ಹಾಕಿದರು. ಅವರ ಮದುವೆಯಾದಾಗಿನಿಂದ ಆ ಮನೆಯಲ್ಲಿ ದಿನವೂ ಮೊಳಗಿದ್ದು, ನನಗೇ ಬಾಯಿಪಾಠ. ಅಕ್ಕನ ಕೈ ಬೇಳೆಯ ಮೇಲೆ ನಿಂತಿತು. ಕಾನ್ವೆಂಟಿನ ಕಿಟಕಿಯ ಹೊರಗಿನ ಹುಡುಗಿಯ ಮುಖವನ್ನು ನಾನು ಎಷ್ಟೋ ವರ್ಷಗಳ ಮೇಲೆ ನೋಡಿದೆ.

"ಎಷ್ಟು ಚೆನ್ನಾಗಿದೇರೀ," ಎಂದಳು. "ಹೊಸದಾ?"

ಸಂಗೀತದ ವಿಷಯದಲ್ಲಿ ಯಾರಿಗೂ ಒಂದು ಅಕ್ಷರ ತಪ್ಪು ಹೇಳಲು ಬಿಡದ ನಮ್ಮ ಭಾವ, ವಾಲಿದ ಸಂಗೀತದ ನಡುವೆ ನೆಟ್ಟಗೆ ಕೂತು, ಅವಳ ಬಲಗಿವಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದರು:

"ಹೂಂ ಕಣೇ. ಇವತ್ತೇ ಬಂದಿದ್ದು."